ನೋವಿನ ಮಾತ್ರೆ ನುಂಗುವ ಮುನ್ನ ನೋವಿನ ಲೆಕ್ಕ ಬರೆಯಿರಿ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುದಾರಿಯ ಎರಡೂ ಕಡೆ ನೆಲವನ್ನು ಆಳಕ್ಕೆ ಕೊರೆದು ಬಾಳಿದ ಜನರಿದ್ದಾರೆ. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸುತ್ತಲಿನ ಹಳ್ಳಿಗಳಲ್ಲಿ ರೈತರು ನೀರಿಗಾಗಿ ಇಂದಿಗೂ ನೆಲ ಕೊರೆಸುತ್ತಲೇ ಇದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ 1,000 ಅಡಿ ದಾಟಿದ ಕೊಳವೆ ಬಾವಿ ಅಪರೂಪವಲ್ಲ. ಇಂತಹ ಕಷ್ಟದ ದುಡಿಮೆಯಲ್ಲಿ ಮೈಕೈ ನೋವು, ತಲೆನೋವುಗಳು ಸಾಮಾನ್ಯವೆಂದು ಜನ ತಿಳಿದಿದ್ದಾರೆ. ಆದುದರಿಂದಲೇ ಬಹಳಷ್ಟು ಮನೆಗಳ ಗೋಡೆಗೂಡಿನಲ್ಲಿ ದೇವರ ಕುಂಕುಮದ ಬಟ್ಟಲಿನ ಪಕ್ಕದಲ್ಲಿಯೇ ನೋವಿನ ಮಾತ್ರೆಯ ಶೀಟೊಂದು ಇರುತ್ತದೆ.

ಬೆಳೆಯ ಎಲೆ ಹಳದಿಯಾದಾಗಲೆಲ್ಲ ಯೂರಿಯಾ ಹಾಕುವುದು ಸರಿಯಲ್ಲವೆಂಬುದನ್ನು ಅನುಭವಿ ರೈತರು ಬಲ್ಲರು. ಸಾರಜನಕದ ಕೊರತೆಯಿಂದ ಎಲೆ ಹಳದಿಯಾಗಬಹುದು. ಕಬ್ಬಿಣದ ಕೊರತೆಯಿಂದಲೂ ಆಗಬಹುದು. ನೀರು ನಿಂತು ಬೇರು ಉಸಿರು ಕಟ್ಟಿದರೂ, ಜಂತುಹುಳು ಬೇರಿನಲ್ಲಿ ಗಂಟು ಕಟ್ಟಿದರೂ ಆಗಬಹುದು. ಮೈನೋವಿನ ವಿಷಯವೂ ಹೀಗೆಯೇ. ನೋವು ಒಂದು ಲಕ್ಷಣವೇ ಹೊರತು ಅದೇ ರೋಗವಲ್ಲ. ಮಾತ್ರೆ ಲಕ್ಷಣವನ್ನು ಕೆಲವು ಗಂಟೆ ಅಡಗಿಸುತ್ತದೆ. ಕಾರಣ ಹಾಗೆಯೇ ಉಳಿಯುತ್ತದೆ.

ಒಂದು ಮನೆ, ಮೂರು ನೋವು

ಉದಾಹರಣೆಗೆ ಬಂಗಾರಪೇಟೆ ತಾಲ್ಲೂಕಿನ ಒಂದು ಸಣ್ಣ ಹಿಡುವಳಿಯ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮನೆಯ ಅಜ್ಜಿಗೆ 62 ವರ್ಷ. ಬೆಳಿಗ್ಗೆ ಎದ್ದಾಗ ಬೆನ್ನು, ಕತ್ತು, ಮಂಡಿ ಬಿಗಿದಿರುತ್ತವೆ. ನಾಲ್ಕು ವರ್ಷಗಳಿಂದ ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಇಳಿಯುತ್ತಾರೆ. ಮಗ ಟೊಮೇಟೊ ಬೆಳೆಯುತ್ತಾನೆ. ಸಿಂಪರಣೆ ಮಾಡಿದ ದಿನ ಸಂಜೆ ತಲೆ ಸಿಡಿಯುತ್ತದೆ. ಸೊಸೆ ನಸುಕಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ. ಅವಳಿಗೆ ಹೆಚ್ಚುಕಡಿಮೆ ದಿನವೂ ತಲೆನೋವು, ರೈಲಿನಲ್ಲಿಯೇ ಒಂದು ಮಾತ್ರೆ. ಮೂರು ವರ್ಷದ ಮೊಮ್ಮಗುವೊಂದು ಈ ಮೂವರೂ ಕುಡಿಯುವ ಬಿಂದಿಗೆಯ ನೀರನ್ನೇ ಕುಡಿಯುತ್ತದೆ.

ಮೂವರೂ ಗೂಡಿನಲ್ಲಿನ ಒಂದೇ ಶೀಟಿನಿಂದ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ಮೂವರ ನೋವಿನ ಮೂಲ ಬೇರೆ ಬೇರೆ. ಒಬ್ಬರದು ನೀರಿನಿಂದ ಬಂದಿರಬಹುದು, ಇನ್ನೊಬ್ಬರದು ಹೊಲದಿಂದ, ಮತ್ತೊಬ್ಬರದು ಆ ಮಾತ್ರೆಯಿಂದಲೇ.

ನೀರಿನಿಂದ ಬರುವ ನೋವು

ಕೋಲಾರ ಜಿಲ್ಲೆಯ ಕಲ್ಲುಬಂಡೆಯ ಪದರಗಳಿಂದ ಬರುವ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕ ಮಿತಿ; ಬೇರೆ ನೀರು ಸಿಗದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಒಂದೇ ಊರಿನ ಎರಡು ಕೊಳವೆ ಬಾವಿಗಳಲ್ಲಿ ಈ ಪ್ರಮಾಣ ಬೇರೆ ಬೇರೆ ಇರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಇಂತಹ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಮತ್ತು ಕೀಲುಗಳ ಸುತ್ತಲಿನ ಕಟ್ಟುಗಳಲ್ಲಿ ಸೇರಿ ಅವು ಗಡುಸಾಗುತ್ತವೆ. ಇದೇ ಫ್ಲೋರೋಸಿಸ್ ರೋಗ. ಭಾರತದಲ್ಲಿ ಈ ರೋಗವು ಮನುಷ್ಯರಲ್ಲಿ ಇರುವುದನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವೈದ್ಯರು ವರದಿ ಮಾಡಿದರು. ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಅಡ್ಡಲಾಗಿ ಹಳದಿ ಇಲ್ಲವೆ ಕಂದು ಪಟ್ಟಿ ಕಾಣಿಸುವುದು ಇದರ ಮೊದಲ ಗುರುತು. ದೊಡ್ಡವರಲ್ಲಿ ಕತ್ತು, ಬೆನ್ನು, ಸೊಂಟ, ಮಂಡಿ ಬಿಗಿಯುತ್ತವೆ.

ಮನೆಯಲ್ಲಿಯೇ ಮಾಡಿ ನೋಡಬಹುದಾದ ಮೂರು ಸುಲಭ ಪರೀಕ್ಷೆಗಳಿವೆ. ಮೊದಲನೆಯದು, ಮಂಡಿ ಮಡಿಸದೆ ಬಗ್ಗಿ ಕಾಲಿನ ಬೆರಳು ಮುಟ್ಟುವುದು. ಎರಡನೆಯದು, ಗದ್ದವನ್ನು ಎದೆಗೆ ತಾಗಿಸುವುದು. ಮೂರನೆಯದು, ಎರಡೂ ಕೈಗಳನ್ನು ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟುವುದು. ಇವು ಕಷ್ಟವಾದರೆ ವೈದ್ಯರನ್ನು ಕಾಣುವುದು ಅವಶ್ಯ. ಆದರೆ ಮಂಡಿನೋವೆಲ್ಲವೂ ಫ್ಲೋರೋಸಿಸ್ ಅಲ್ಲ. ವಯಸ್ಸಾದಂತೆ ಕೀಲು ಸವೆಯುವುದೂ ಉಂಟು, ಸಂಧಿವಾತವೂ ಉಂಟು. ಮುಂಗೈಯ ಎಕ್ಸ್‌ರೇ, ಮೂತ್ರದ ಹಾಗೂ ನೀರಿನ ಫ್ಲೋರೈಡ್ ಪರೀಕ್ಷೆಗಳಿಂದ ವೈದ್ಯರು ನಿರ್ಧರಿಸುತ್ತಾರೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗ ಮೂತ್ರಪಿಂಡ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಅದೇ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರಪಿಂಡ ಸೋತರೆ ಫ್ಲೋರೈಡ್ ಹೊರಹೋಗುವುದು ಕಡಿಮೆಯಾಗಿ ಮೂಳೆಯಲ್ಲಿ ಇನ್ನಷ್ಟು ಸೇರುತ್ತದೆ. ಹೀಗೆ ನೀರಿನಿಂದ ಬಂದ ನೋವಿಗೆ ನುಂಗಿದ ಮಾತ್ರೆಯೇ ಆ ನೋವಿನ ಮೂಲವನ್ನು ಬಲಪಡಿಸುವ ಅಪಾಯವಿದೆ.

ಫ್ಲೋರೈಡ್ ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿನಲ್ಲಿ ಹಾಯಿಸಿದರೂ ಅದು ಹೋಗುವುದಿಲ್ಲ. ಗ್ರಾಮ ಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ತೆಗೆಯದೆ ಶುಚಿಯಾದ ಪ್ಲಾಸ್ಟಿಕ್ ಸೀಸೆಯಲ್ಲಿ ತೆಗೆಯಬೇಕು. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮತ್ತು ಅಡಿಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರನ್ನಾಗಲಿ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನಾಗಲಿ ಬಳಸಬೇಕು. ಬಹಳ ಮನೆಗಳಲ್ಲಿ ಕುಡಿಯಲು ಮಾತ್ರ ಘಟಕದ ನೀರು ತಂದು, ಮುದ್ದೆ ಮತ್ತು ಸಾರಿಗೆ ಕೊಳವೆ ಬಾವಿಯ ನೀರನ್ನೇ ಬಳಸುವುದುಂಟು, ಇದು ಸಾಲದು. ಊಟದಲ್ಲಿ ರಾಗಿ, ಹಾಲು, ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ, ಸೀಬೆ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಕಪ್ಪು ಉಪ್ಪು ಮತ್ತು ಅತಿಯಾದ ಟೀ ಬೇಡ.

ಸಿಂಪರಣೆಯ ದಿನದ ತಲೆನೋವು

ನಮ್ಮ ರೈತರು ಕೀಟನಾಶಕವನ್ನೂ ‘ಔಷಧಿ’ ಎಂದೇ ಕರೆಯುತ್ತಾರೆ. ಗಿಡಕ್ಕೆ ಹೊಡೆದ ಔಷಧಿಯಿಂದ ಬಂದ ತಲೆನೋವಿಗೆ ಮತ್ತೊಂದು ಔಷಧಿ ನುಂಗಿ ಮಲಗುವುದು ಅಪಾಯಕರ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮಿಥೊಯೇಟ್ ಮುಂತಾದ ಸಾವಯವ ರಂಜಕ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ತಲೆನೋವು, ತಲೆಸುತ್ತು, ಓಕರಿಕೆ, ಹೆಚ್ಚು ಬೆವರು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ದೃಷ್ಟಿ ಮಂಜಾಗುವುದು ಇದರ ಲಕ್ಷಣಗಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಂತೆ ಸಣ್ಣದಾಗುವುದು, ಉಸಿರು ಕಟ್ಟುವುದು, ಮಾಂಸಖಂಡ ಅದುರುವುದು ಕಂಡರೆ ಪ್ರಾಣಾಪಾಯವಿದೆಯೆಂದು ತಿಳಿದು ಕೂಡಲೇ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಚುಚ್ಚುಮದ್ದು ಮುಂತಾದ ಚಿಕಿತ್ಸೆ ಇದೆ. ಹೋಗುವಾಗ ಕೀಟನಾಶಕದ ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ತಪ್ಪದೆ ಒಯ್ಯಬೇಕು. ಡಬ್ಬಿಯ ಮೇಲಿನ ಗುರುತು ಕೆಂಪಾಗಿದ್ದರೆ ಅತಿ ಹೆಚ್ಚಿನ ವಿಷ; ನಂತರದ ಕ್ರಮ ಹಳದಿ, ನೀಲಿ, ಹಸಿರು.

ವಿಷ ಮೂಗಿನಿಂದ ಮಾತ್ರ ಒಳಹೋಗುತ್ತದೆಂದು ತಿಳಿದು ಬಾಯಿಗೆ ಟವೆಲ್ ಕಟ್ಟಿಕೊಂಡು ಸುಮ್ಮನಾಗುವವರೇ ಹೆಚ್ಚು. ಚರ್ಮದ ಮೂಲಕವೂ ವಿಷ ಒಳಸೇರುತ್ತದೆ. ಸೋರುವ ಸ್ಪ್ರೇಯರಿನಿಂದ ಬೆನ್ನಿನ ಅಂಗಿ ನೆನೆದರೆ ಆ ಅಂಗಿ ಮೈಮೇಲಿರುವಷ್ಟು ಹೊತ್ತೂ ವಿಷ ಒಳಗೆ ಇಳಿಯುತ್ತಿರುತ್ತದೆ. ಕೈಗವಸು, ಪೂರ್ತಿ ತೋಳಿನ ಅಂಗಿ, ಮುಖಗವಸು ಧರಿಸಬೇಕು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಮೇಲಿಂದ ಮೇಲೆ ಸಿಂಪಡಿಸುತ್ತಿದ್ದರೆ ಕುಗ್ಗಿದ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕಾಗುತ್ತವೆ. ಸಿಂಪರಣೆಯ ದಿನಗಳಲ್ಲಿಯೇ ತಲೆನೋವು ಬರುತ್ತಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಕೇಳದಿದ್ದರೂ ಹೇಳಬೇಕು.

ಮಾತ್ರೆಯಿಂದಲೇ ಬರುವ ತಲೆನೋವು

ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರದ 2,329 ವಯಸ್ಕರನ್ನು ವಿಚಾರಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಂತೆ ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 64 ಜನರಿಗೆ ತಲೆನೋವು ಬಂದಿತ್ತು. ಸುಮಾರು 25 ಜನರಿಗೆ ಮೈಗ್ರೇನ್ ಎಂಬ ಅರೆತಲೆನೋವು ಇತ್ತು. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿದ್ದವರು ನೂರಕ್ಕೆ ಮೂವರು. ಅಂಥವರಲ್ಲಿ ಕೆಲವರ ತಲೆನೋವಿಗೆ ಅತಿಯಾಗಿ ನುಂಗಿದ ನೋವಿನ ಮಾತ್ರೆಯೇ ಕಾರಣವಾಗಿರಬಹುದೆಂದು ಕಂಡುಬಂದಿತು.

ಅನೇಕರು ಇದನ್ನು ನಂಬುವುದಿಲ್ಲ. ಆದರೆ ವೈದ್ಯಶಾಸ್ತ್ರ ಇದನ್ನು ಸ್ಪಷ್ಟವಾಗಿ ಗುರುತಿಸಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂತಹ ಸಾದಾ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು ಮೂರು ಮದ್ದು ಬೆರೆತ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳು ಮೀರಿ ನುಂಗುತ್ತ ಬಂದರೆ, ಮೊದಲೇ ತಲೆನೋವಿನ ಸ್ವಭಾವವಿದ್ದವರಿಗೆ ಅದು ದಿನನಿತ್ಯದ ತಲೆನೋವಾಗಿ ತಿರುಗಬಹುದು. ಮಾತ್ರೆಯ ಪ್ರಭಾವ ಇಳಿದೊಡನೆ ನೋವು ಮರಳುತ್ತದೆ. ನೋವು ಮರಳಿತೆಂದು ಮತ್ತೆ ಮಾತ್ರೆ. ಗಾಣದ ಎತ್ತಿನಂತೆ ಸುತ್ತುವ ಈ ತಿರುಗಾಟ ತಾನಾಗಿ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವಿದೆ. ವೈದ್ಯರ ಸಲಹೆಯಂತೆ ಆ ಮಾತ್ರೆಯನ್ನು ನಿಲ್ಲಿಸಬೇಕು. ನಿಲ್ಲಿಸಿದ ಮೊದಲ ಕೆಲವು ದಿನ ತಲೆನೋವು ಹೆಚ್ಚಾಗುವುದು ಸಹಜ. ಅದನ್ನು ಮೊದಲೇ ತಿಳಿದಿದ್ದರೆ ಧೈರ್ಯವಿರುತ್ತದೆ. ಬಳಿಕ ಹೆಚ್ಚಿನವರಲ್ಲಿ ನೋವು ಇಳಿಯುತ್ತದೆ. ಅರೆತಲೆನೋವು ಬಾರದಂತೆ ತಡೆಯುವ ಬೇರೆ ಮದ್ದುಗಳೂ ಇವೆ. ನಸುಕಿನ ರೈಲಿಗೆ ಓಡುವ ಆತುರದಲ್ಲಿ ಬೆಳಗಿನ ಊಟ ಬಿಡುವುದು, ನಿದ್ರೆಗೆಡುವುದು, ಬಿಸಿಲಲ್ಲಿ ನೀರು ಕುಡಿಯದಿರುವುದು, ಹೊಗೆ ತುಂಬಿದ ಅಡಿಗೆಮನೆ, ಕಣ್ಣಿನ ದೋಷ ಇವುಗಳಿಂದಲೂ ತಲೆನೋವು ಬರುತ್ತದೆ.

ಮಾತ್ರೆಯ ಇನ್ನೊಂದು ಮುಖ

ಡೈಕ್ಲೋಫೆನಾಕಿನ ಕಥೆಯನ್ನು ರೈತರು ನೆನಪಿಡುವುದು ಒಳ್ಳೆಯದು. ಒಂದು ಕಾಲದಲ್ಲಿ ಇದನ್ನು ದನಕರುಗಳ ನೋವಿಗೂ ಕೊಡುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದು ಸತ್ತ ದನಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿರಾಶಿಯಾಗಿ ಸತ್ತವೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2006ರಲ್ಲಿ ಭಾರತ ಸರ್ಕಾರ ಪಶು ಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅಳಿದುಳಿದ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಕ್ಷಿತಧಾಮವೆಂದು ಘೋಷಿಸಲಾಯಿತು. ಮನುಷ್ಯನ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಈ ಮದ್ದು ಉಪಕಾರಿಯೇ. ಆದರೂ ವಯಸ್ಸಾದವರು, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು, ಹೊಟ್ಟೆಹುಣ್ಣು ಇರುವವರು, ಗರ್ಭಿಣಿಯರು ಕೇಳದೆ ನುಂಗಬಾರದು. ಬಿಸಿಲಿನಲ್ಲಿ ಬೆವರು ಹರಿದು ದೇಹ ಒಣಗಿದ ಹೊತ್ತಿನಲ್ಲಿ ಇದರ ಪೆಟ್ಟು ಹೆಚ್ಚು.

ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ. ಆದರೆ ಮಿತಿ ಮೀರಿದರೆ ಪಿತ್ತಜನಕಾಂಗ ಕೆಡುತ್ತದೆ. ಮದ್ಯಪಾನ ಮಾಡುವವರಿಗೆ ಅಪಾಯ ಇನ್ನೂ ಹೆಚ್ಚು. ವ್ಯಾಪಾರಿ ಹೆಸರು ಬೇರೆಯಾದರೂ ಒಳಗಿನ ಮದ್ದು ಒಂದೇ ಆಗಿರಬಹುದು. ಕೀಟನಾಶಕ ಕೊಳ್ಳುವಾಗ ಒಳಗಿನ ರಾಸಾಯನಿಕದ ಹೆಸರು ನೋಡುವಂತೆಯೇ ಮಾತ್ರೆಯ ಶೀಟಿನಲ್ಲಿಯೂ ನೋಡಬೇಕು. ಶೀತಕ್ಕೆಂದು ಕೊಂಡ ಮಾತ್ರೆಯಲ್ಲಿಯೂ ಪ್ಯಾರಾಸಿಟಮಾಲ್ ಇರುವುದುಂಟು.

ನೋವು ತಟ್ಟನೆ ಮಾಯವಾಗಲೆಂದು ಅರ್ಹತೆಯಿಲ್ಲದವರಿಂದ ಸೂಜಿ ಹಾಕಿಸಿಕೊಳ್ಳುವ ಅಭ್ಯಾಸ ಬಿಡಬೇಕು. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಪದೇ ಪದೇ ತೆಗೆದುಕೊಂಡರೆ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಇವೆಲ್ಲ ಆಗುತ್ತವೆ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಲೂ ಬಾರದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ವೈದ್ಯರ ಬಳಿ ಏನು ಹೇಳಬೇಕು?

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾತು ಹೀಗೆ ನಡೆಯುತ್ತದೆ.

“ಎಷ್ಟು ದಿನದಿಂದ ನೋವು, ಅಮ್ಮ?”

“ಬಾಳ ದಿನ ಆಯ್ತು ಸ್ವಾಮಿ.”

“ಯಾವ ಮಾತ್ರೆ ತಗೊಳ್ತಾ ಇದ್ದೀರಿ?”

“ಅದೇ, ಬಿಳೀದು, ಸಣ್ಣದು.”

ಹೊರಗೆ ಸಾಲು ನಿಂತಿರುವಾಗ ಇಷ್ಟರಿಂದ ವೈದ್ಯರು ಕಾರಣ ಹುಡುಕುವುದು ಕಷ್ಟ. ಮಣ್ಣು ಪರೀಕ್ಷೆಗೆ ಮಾದರಿ ಕಳುಹಿಸುವಾಗ ಸರ್ವೆ ನಂಬರು, ಹಿಂದಿನ ಬೆಳೆ, ಹಾಕಿದ ಗೊಬ್ಬರ ಬರೆದು ಕಳುಹಿಸುವಂತೆ, ನೋವಿನ ವಿವರವನ್ನೂ ಬರೆದು ಒಯ್ಯಬೇಕು. ಓದುಬರಹ ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಗುರುತು ಹಾಕಿದರೂ ಸಾಕು.

1. ನೋವು ಬಂದ ದಿನಕ್ಕೆ ಒಂದು ಗೆರೆ. ಮಾತ್ರೆ ನುಂಗಿದ ದಿನಕ್ಕೆ ಒಂದು ಸೊನ್ನೆ.
2. ಸಿಂಪರಣೆ ಮಾಡಿದ ದಿನ ಮತ್ತು ಬಳಸಿದ ಕೀಟನಾಶಕದ ಹೆಸರು.
3. ನೋವು ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು. ಬೆಳಕು, ಶಬ್ದ ಸಹಿಸುವುದಿಲ್ಲವೆ, ವಾಂತಿ ಬರುತ್ತದೆಯೆ.
4. ಕುಡಿಯುವ ನೀರು, ಅಡಿಗೆ ನೀರು ಎಲ್ಲಿಯದು, ಎಷ್ಟು ವರ್ಷದಿಂದ.
5. ಸಕ್ಕರೆ, ರಕ್ತದೊತ್ತಡದ ಮಾತ್ರೆ, ನಾಟಿ ಮದ್ದು, ಸೂಜಿ ಸೇರಿದಂತೆ ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದು. ಖಾಲಿ ಶೀಟುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.
6. ಹಿಂದೆ ಮಾಡಿದ ಕೆಲಸ. ಗಣಿಯಲ್ಲಿ ದುಡಿದವರು ಎಷ್ಟು ವರ್ಷ ದುಡಿದರೆಂಬುದನ್ನೂ ಹೇಳಬೇಕು.

ವೈದ್ಯರನ್ನು ಕೇಳಲು ಸಂಕೋಚ ಬೇಡ. ಈ ಮಾತ್ರೆ ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ, ಏನಾದರೆ ನಿಲ್ಲಿಸಬೇಕು, ಮೂತ್ರಪಿಂಡದ ರಕ್ತಪರೀಕ್ಷೆ ಬೇಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಗತ್ಯವಿದ್ದರೆ ಬಂಗಾರಪೇಟೆ ಅಥವಾ ಕೆ.ಜಿ.ಎಫ್. ಸಾರ್ವಜನಿಕ ಆಸ್ಪತ್ರೆಗೆ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬಗೆಹರಿಯದ ತಲೆನೋವಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ತಡಮಾಡಬಾರದ ಸಂದರ್ಭಗಳು

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತೀವ್ರ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು, ಸೆಳೆತ, ತಲೆಗೆ ಪೆಟ್ಟಾದ ನಂತರದ ನೋವು, ಗರ್ಭಿಣಿಯರ ತಲೆನೋವು, 50 ವರ್ಷ ದಾಟಿದ ಮೇಲೆ ಹೊಸದಾಗಿ ಆರಂಭವಾದ ತಲೆನೋವು. ಮಾತ್ರೆ ನುಂಗುವವರಲ್ಲಿ ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಮುಖ ಮತ್ತು ಕಾಲು ಊದುವುದು, ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಆ ಮನೆಗೆ

ಮೊದಲು ಹೇಳಿದ ಕುಟುಂಬ ಹೀಗೆ ಒಂದು ತಿಂಗಳು ಲೆಕ್ಕ ಬರೆದರೆ ಏನು ಕಾಣಬಹುದು? ಮಗನ ಗೆರೆಗಳೆಲ್ಲ ಸಿಂಪರಣೆಯ ದಿನಗಳ ಪಕ್ಕದಲ್ಲಿಯೇ ಇರುತ್ತವೆ. ಅವನಿಗೆ ಬೇಕಾದದ್ದು ಸೋರದ ಸ್ಪ್ರೇಯರು, ಕೈಗವಸು ಮತ್ತು ಕಡಿಮೆ ಸಿಂಪರಣೆ. ಸೊಸೆಯ ಕ್ಯಾಲೆಂಡರಿನಲ್ಲಿ ಗೆರೆಗಳಷ್ಟೇ ಸೊನ್ನೆಗಳಿರುತ್ತವೆ. ಅವಳಿಗೆ ಬೇಕಾದದ್ದು ಮಾತ್ರೆ ಬಿಡಿಸುವ ವೈದ್ಯರು. ಅಜ್ಜಿಯ ಲೆಕ್ಕ ನೀರಿನ ಬಿಂದಿಗೆಯ ಕಡೆಗೆ ಬೆರಳು ತೋರಿಸುತ್ತದೆ.

ಗಡುಸಾದ ಮೂಳೆ ಮೊದಲಿನಂತೆ ಆಗುವುದು ಕಷ್ಟ. ನೀರು ಬದಲಾಯಿಸಿ, ವ್ಯಾಯಾಮ ಮಾಡಿಸಿ, ಮೂತ್ರಪಿಂಡ ಪರೀಕ್ಷಿಸಿ, ಹೊಂದುವ ಮದ್ದನ್ನು ಅಳತೆಯಲ್ಲಿ ಕೊಟ್ಟರೆ ಅಜ್ಜಿಯ ನೋವು ತಗ್ಗೀತು, ಮುಂದಿನ ಹಾನಿ ನಿಂತೀತು. ಆದರೆ ಮೂರು ವರ್ಷದ ಆ ಮಗುವಿನ ಶಾಶ್ವತ ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದೆ, ಮೂಳೆ ಎಳೆಯದಾಗಿದೆ. ಈಗ ನೀರು ಬದಲಾದರೆ ಅದಕ್ಕೆ ಹೆಚ್ಚಿನ ಲಾಭ. ಅಜ್ಜಿಯ ನೋವು ನಾಲ್ಕು ವರ್ಷದಿಂದ ಆ ಮನೆಗೆ ಹೇಳುತ್ತಿದ್ದ ಸುದ್ದಿ ಇದೇ. ಮಾತ್ರೆ ನುಂಗಿ ನುಂಗಿ ಆ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಆದುದರಿಂದ ರೈತ ಬಾಂಧವರು ಎರಡು ವಾರ ಮೀರಿದ ಯಾವ ನೋವನ್ನೂ ಮಾತ್ರೆಯಿಂದ ಅಡಗಿಸದೆ, ಅದರ ಲೆಕ್ಕ ಬರೆದು ವೈದ್ಯರ ಮುಂದಿಡುವುದು ಒಳಿತು.